ಕಾಡಿನಲ್ಲಿ ಕೈ, ಪರದೆಯ ಮೇಲೆ ಮುಖ



ಸಿನಿಮಾದ ಕಾಡಿನಲ್ಲಿ ಬೆಂಕಿ ಬಹಳ ಬೇಗ ಹೊತ್ತಿಕೊಳ್ಳುತ್ತದೆ. ನಾಯಕ ತುಂಬಿದ ಹೊಳೆಯಿಂದ ನಡುಗುತ್ತ ಎದ್ದು ಬರುತ್ತಾನೆ. ಒಂದು ಕಟ್. ಮುಂದಿನ ಶಾಟಿನಲ್ಲಿ ಅವನ ಮುಖದ ಮೇಲೆ ಕೆಂಬೆಳಕು ಆಡುತ್ತಿರುತ್ತದೆ. ಆ ತೊಯ್ದ ಕಾಡಿನಲ್ಲಿ ಒಣಸೌದೆ ಎಲ್ಲಿ ಸಿಕ್ಕಿತು, ಮರಗಟ್ಟಿದ ಬೆರಳಲ್ಲಿ ಕಿಡಿ ಎಬ್ಬಿಸಿದ್ದು ಹೇಗೆ, ಎಷ್ಟು ಹೊತ್ತು ಹಿಡಿಯಿತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ರಸಭಂಗ. ಇವತ್ತು ಸ್ವಲ್ಪ ರಸಭಂಗ ಮಾಡೋಣ ಎಂದೇ ನಾನು ಬಂದಿದ್ದೇನೆ.

ಕಾಡು, ಹಿಮ, ನಿರ್ಜನ ದ್ವೀಪಗಳಲ್ಲಿ ಸಿಕ್ಕಿಕೊಂಡವರು ಜೀವ ಉಳಿಸಿಕೊಂಡ ಕಥೆಗಳನ್ನು ಸಿನಿಮಾ ಮೂಕಿ ಕಾಲದಿಂದಲೂ ಹೇಳುತ್ತ ಬಂದಿದೆ. ಅದರೊಳಗೊಂದು ತೊಡಕಿದೆ. ಜೀವ ಉಳಿಸುವ ವಿದ್ಯೆ ಇರುವುದು ಕೈಯಲ್ಲಿ: ಕೊಯ್ಯುವುದು, ಹೊಸೆಯುವುದು, ಬಿಗಿಯುವುದು, ಊದುವುದು. ದುಡ್ಡು ಹಾಕಿದವನಿಗೆ ಬೇಕಾದದ್ದು ತಾರೆಯ ಮುಖ. ಹುಲ್ಲು ಕೊಯ್ಯುವ ಕೈಯನ್ನು ಐದು ನಿಮಿಷ ತೋರಿಸಿದರೆ ಹಿಂದಿನ ಸಾಲಿನವರು ಕೆಮ್ಮತೊಡಗುತ್ತಾರೆ. ಹಲ್ಲು ಕಚ್ಚಿ ಒದ್ದಾಡುವ ಮುಖ ತೋರಿಸಿದರೆ ಪ್ರಶಸ್ತಿ ಬರುತ್ತದೆ. ಹಾಗಾಗಿ ಇಂಥ ಚಿತ್ರ ನೋಡುವಾಗ ನಾನು ಎರಡೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಕ್ಯಾಮರಾ ಕೈಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ? ನಿಂತರೆ, ಯಾರ ಕೈಯ ಮೇಲೆ?

ಶುರುವಿನಿಂದಲೇ ನೋಡೋಣ. 1922ರಲ್ಲಿ ರಾಬರ್ಟ್ ಫ್ಲಾಹರ್ಟಿಯ 'ನಾನೂಕ್ ಆಫ್ ದಿ ನಾರ್ತ್' ಬಂತು. ಕೆನಡಾದ ಹಡ್ಸನ್ ಕೊಲ್ಲಿಯ ದಂಡೆಯ ಇನುಯಿಟ್ ಕುಟುಂಬವೊಂದರ ಚಿತ್ರ; ಹಣ ಕೊಟ್ಟದ್ದು ತುಪ್ಪಳದ ವ್ಯಾಪಾರದ ಫ್ರೆಂಚ್ ಕಂಪನಿ. ಅದರಲ್ಲಿ ಹಿಮದ ಮನೆ, ಇಗ್ಲೂ ಕಟ್ಟುವ ಒಂದು ಭಾಗ ಇದೆ. ನಾನೂಕ್ ದಂತದ ಉದ್ದ ಚಾಕುವನ್ನು ನಾಲಗೆಯಿಂದ ನೆಕ್ಕುತ್ತಾನೆ. ಎಂಜಲು ಕೂಡಲೇ ಹೆಪ್ಪುಗಟ್ಟಿ ಅಲಗಿಗೆ ಗಾಜಿನ ನುಣುಪು ಬರುತ್ತದೆ. ಗಟ್ಟಿ ಹಿಮವನ್ನು ಇಟ್ಟಿಗೆಯ ಹಾಗೆ ಕೊಯ್ದು ಸುತ್ತಲೂ ಇಡುತ್ತ ಹೋಗುತ್ತಾನೆ. ಪ್ರತಿ ಸುತ್ತೂ ಸ್ವಲ್ಪ ಒಳಕ್ಕೆ ವಾಲುತ್ತದೆ. ಹೆಂಗಸರು ಮಕ್ಕಳು ಹೊರಗಿನಿಂದ ಸಂದಿಗಳಿಗೆ ಹಿಮ ಮೆತ್ತುತ್ತಾರೆ. ಎಲ್ಲ ಮುಗಿಯಿತು ಅನ್ನುವಾಗ ಅವನು ತಿಳಿಯಾದ ಮಂಜುಗಡ್ಡೆಯ ಹಲಗೆಯೊಂದನ್ನು ತಂದು ಗೋಡೆಯಲ್ಲಿ ಅಷ್ಟೇ ಅಗಲದ ತೂತು ಕೊರೆದು ಕೂರಿಸುತ್ತಾನೆ. ಅದು ಕಿಟಕಿ. ಕೊರೆದು ತೆಗೆದ ಹಿಮದ ತುಂಡನ್ನೂ ಎಸೆಯುವುದಿಲ್ಲ. ಕಿಟಕಿಯ ಪಕ್ಕ ನಿಲ್ಲಿಸುತ್ತಾನೆ, ಬಿಸಿಲು ಅದಕ್ಕೆ ಬಡಿದು ಒಳಕ್ಕೆ ಹೊರಳಲಿ ಎಂದು. ನೂರು ವರ್ಷ ಕಳೆದ ಮೇಲೂ ಆ ಭಾಗ ಬಂದಾಗ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂರುವ ಹಾಗಾಗುತ್ತದೆ.

ಇದೇ ಚಿತ್ರದ ಸುಳ್ಳುಗಳೂ ಪ್ರಸಿದ್ಧವೇ. ನಾನೂಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಆ ಹೊತ್ತಿಗೆ ಅಲ್ಲಿನ ಬೇಟೆಗಾರರ ಕೈಗೆ ಬಂದೂಕು ಬಂದಾಗಿತ್ತು; ಫ್ಲಾಹರ್ಟಿಗೆ ಈಟಿಯೇ ಬೇಕಿತ್ತು. ಸೀಲ್ ಬೇಟೆಯಲ್ಲಿ ಹಗ್ಗದ ಆ ಕೊನೆಯಲ್ಲಿ ಎಳೆಯುತ್ತಿದ್ದದ್ದು ಚೌಕಟ್ಟಿನ ಹೊರಗೆ ನಿಂತ ಜನ. ಇಗ್ಲೂವಿನ ಒಳಗೆ ಕ್ಯಾಮರಾಕ್ಕೆ ಜಾಗವೂ ಬೆಳಕೂ ಸಾಲದೆ ಅರ್ಧ ಗೋಡೆ ತೆಗೆದ ದೊಡ್ಡ ಇಗ್ಲೂ ಕಟ್ಟಿಸಿದರು. ಆ ಕುಟುಂಬ ಬಯಲು ಚಳಿಯಲ್ಲಿ ಮಲಗಿ ಎದ್ದು ನಟಿಸಬೇಕಾಯಿತು. ನನಗೆ ಇದರಲ್ಲಿ ಕುತೂಹಲ ಹುಟ್ಟಿಸುವುದು ಇಷ್ಟು: ಇಗ್ಲೂ ಕಟ್ಟಿದ ಕೈಯ ಕೆಲಸ ನಿಜ, ಅದರ ಸುತ್ತ ಹೆಣೆದ ಕಥೆ ಸುಳ್ಳು. ಆಧುನಿಕ ಬಂದೂಕು ಹಿಡಿದ, ವ್ಯಾಪಾರದ ಲೆಕ್ಕ ಬಲ್ಲ ಮನುಷ್ಯನೊಬ್ಬ ಇಷ್ಟು ಚೆಂದದ ಕಿಟಕಿಯನ್ನೂ ಕೂರಿಸಬಲ್ಲ ಎಂಬುದನ್ನು ಪ್ಯಾರಿಸ್, ನ್ಯೂಯಾರ್ಕಿನ ಪ್ರೇಕ್ಷಕ ಒಪ್ಪಲಾರ ಎಂದು ನಿರ್ದೇಶಕ ಎಣಿಸಿದ್ದ. ಈ ಎಣಿಕೆ ಇನ್ನೂ ಪೂರ್ತಿ ಹೋಗಿಲ್ಲ.

ಈಗ ಬೆಂಕಿಗೆ ಬರೋಣ. ಯಜ್ಞಶಾಲೆಯಲ್ಲಿ ಅರಣಿ ಕಡೆಯುವುದನ್ನು ಕಂಡವರು ಈ ಸಭೆಯಲ್ಲಿ ಕೆಲವರಾದರೂ ಇರುತ್ತೀರಿ. ಮರಕ್ಕೆ ಮರ ತಿಕ್ಕಿದರೆ ಜ್ವಾಲೆ ಏಳುವುದಿಲ್ಲ, ಪುಡಿ ಉದುರುತ್ತದೆ. ಮೊದಲು ಕಂದು ಪುಡಿ, ತಿಕ್ಕು ಬಿಗಿಯಾದ ಹಾಗೆ ಕಪ್ಪು ಪುಡಿ, ಜೊತೆಗೆ ಹೊಗೆ. ಆ ಕಪ್ಪು ಪುಡಿ ಒಂದೇ ಕಡೆ ಗುಡ್ಡೆಯಾದರೆ ಅದರ ಒಡಲಲ್ಲಿ ಕಾಳಿನಷ್ಟು ಕೆಂಡ ಮೂಡುತ್ತದೆ. ಅದನ್ನು ನಾರಿನ ಮೇಲೋ ಹತ್ತಿಯ ಮೇಲೋ ಜೋಪಾನವಾಗಿ ಇಳಿಸಿ ಊದಬೇಕು. ಜೋರಾಗಿ ಊದಿದರೆ ಆರುತ್ತದೆ, ಊದದಿದ್ದರೆ ಸಾಯುತ್ತದೆ. ಸೌದೆಯಲ್ಲಿ ತೇವ ಇದ್ದರೆ ಮಂತ್ರ ಎಷ್ಟು ಚೆನ್ನಾಗಿ ಹೇಳಿದರೂ ಅಷ್ಟೇ.

2000ದಲ್ಲಿ ಬಂದ ರಾಬರ್ಟ್ ಜೆಮೆಕಿಸ್‌ನ 'ಕಾಸ್ಟ್ ಅವೇ' ಈ ಕಷ್ಟಕ್ಕೆ ಪರದೆಯ ಮೇಲೆ ಸಮಯ ಕೊಟ್ಟ ದೊಡ್ಡ ಬಜೆಟ್ಟಿನ ಅಪರೂಪದ ಚಿತ್ರ. ನಿರ್ಜನ ದ್ವೀಪದಲ್ಲಿ ಒಂಟಿಯಾಗಿ ಸಿಕ್ಕಿಕೊಂಡ ಕೊರಿಯರ್ ಕಂಪನಿಯ ಅಧಿಕಾರಿಯಾಗಿ ಟಾಮ್ ಹ್ಯಾಂಕ್ಸ್. ಚಿತ್ರೀಕರಣ ಫಿಜಿಯ ಮೊನುರಿಕಿ ದ್ವೀಪದಲ್ಲಿ. ಚಿತ್ರಕಥೆ ಬರೆದ ವಿಲಿಯಂ ಬ್ರೋಯ್ಲ್ಸ್ ತಾನೇ ಮೆಕ್ಸಿಕೋದ ಕಡಲತೀರವೊಂದರಲ್ಲಿ ಈ ವಿದ್ಯೆ ಬಲ್ಲವರ ಕೈಕೆಳಗೆ ಕೆಲವು ದಿನ ಹಸಿದುಕೊಂಡಿದ್ದು ಬಂದಿದ್ದ. ಅದರ ಗುರುತು ಚಿತ್ರದಲ್ಲಿ ಕಾಣುತ್ತದೆ. ತೆಂಗಿನಕಾಯಿ ಸಿಪ್ಪೆ ಬಿಡದೆ ಸತಾಯಿಸುತ್ತದೆ. ನಮ್ಮ ಕರಾವಳಿಯವರಿಗೆ ಆ ದೃಶ್ಯ ಹಾಸ್ಯಪ್ರಸಂಗದ ಹಾಗೆ ಕಾಣಬಹುದು, ಸುಲಿಗೋಲು ಇಲ್ಲದವನ ಪಾಡು ಅದು. ಆಮೇಲೆ ಬೆಂಕಿ. ಅವನು ಕಡ್ಡಿ ತಿಕ್ಕುತ್ತಾನೆ, ಹೊಗೆ ಬರುತ್ತದೆ, ಕಡ್ಡಿ ಜಾರಿ ಅಂಗೈ ಸೀಳುತ್ತದೆ. ಸಿಟ್ಟಿನಲ್ಲಿ ರಕ್ತದ ಕೈಯಿಂದಲೇ ಪಕ್ಕದಲ್ಲಿದ್ದ ವಾಲಿಬಾಲ್ ಎತ್ತಿ ಎಸೆಯುತ್ತಾನೆ. ಚೆಂಡಿನ ಮೇಲೆ ಉಳಿದ ಕೆಂಪು ಹಸ್ತದ ಗುರುತಿನಲ್ಲಿ ಕಣ್ಣು ಮೂಗು ಬಾಯಿ ತೀಡಿದಾಗ ಅವನ ಒಂದೇ ಸಂಗಾತಿ 'ವಿಲ್ಸನ್' ಹುಟ್ಟುತ್ತದೆ. ಇಡೀ ಚಿತ್ರದಲ್ಲಿ ಪ್ರೇಕ್ಷಕರು ಅತ್ತದ್ದು ಆ ಚೆಂಡಿಗಾಗಿ. ಬೆಂಕಿ ಮಾಡಲು ಹೋಗಿ ಸೋತ ಕೈ ಒಂದು ಮುಖವನ್ನು ಹಡೆಯಿತು; ನಾನು ಹೇಳಬೇಕೆಂದಿದ್ದನ್ನು ಜೆಮೆಕಿಸ್ ನನಗಿಂತ ಚೆನ್ನಾಗಿ ಹೇಳಿಬಿಟ್ಟಿದ್ದಾನೆ.

ಸೀಳಿದ ಕಟ್ಟಿಗೆಯ ಸಂದಿನಲ್ಲಿ ಗಾಳಿ ಆಡಿದರೆ ಕೆಂಡ ಉಸಿರಾಡುತ್ತದೆ ಎಂದು ನಾಯಕನಿಗೆ ಹೊಳೆದ ಮೇಲೆ ಬೆಂಕಿ ಬರುತ್ತದೆ. ಅವನು ಕೊನೆಗೆ ಹಿಡಿಯುವ ದಾರಿ ಪಾಲಿನೇಷ್ಯಾದ ದ್ವೀಪಗಳವರು ಬಲ್ಲದ್ದೇ: ಮರದ ತೋಡಿನೊಳಗೆ ಕಡ್ಡಿಯನ್ನು ಹಿಂದೆ ಮುಂದೆ ಉಳುವುದು. ದ್ವೀಪದಲ್ಲಿ ಇರುವಷ್ಟು ಹೊತ್ತೂ ಹಿನ್ನೆಲೆ ಸಂಗೀತ ಇಲ್ಲ. ಅಲೆ, ಗಾಳಿ, ತಿಕ್ಕುವ ಸದ್ದು. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಆದರೆ ಅಷ್ಟರಲ್ಲಿ ಪರದೆಯ ಮೇಲೆ 'ನಾಲ್ಕು ವರ್ಷಗಳ ನಂತರ' ಎಂಬ ಅಕ್ಷರ ಬೀಳುತ್ತದೆ. ಸಣಕಲಾಗಿ, ಗಡ್ಡ ಬಿಟ್ಟ ಹ್ಯಾಂಕ್ಸ್ ಬಂಡೆಯ ಮೇಲೆ ನಿಂತು ಈಟಿ ಬೀಸಿ ಒಂದೇ ಏಟಿಗೆ ಮೀನು ಚುಚ್ಚುತ್ತಾನೆ. ನೀರಿನೊಳಗಿನ ಮೀನು ಕಣ್ಣಿಗೆ ಕಂಡಲ್ಲಿ ಇರುವುದಿಲ್ಲ, ಅದಕ್ಕಿಂತ ಕೆಳಗಿರುತ್ತದೆ ಎಂಬುದನ್ನು ಆ ಕೈ ಕಲಿತದ್ದು ಯಾವಾಗ? ಹ್ಯಾಂಕ್ಸ್ ಮೈ ಇಳಿಸಲಿ ಎಂದು ಚಿತ್ರೀಕರಣವನ್ನು ಸುಮಾರು ಒಂದು ವರ್ಷ ನಿಲ್ಲಿಸಿದ್ದರು. ಮೈ ಬದಲಾದದ್ದಕ್ಕೆ ಒಂದು ವರ್ಷ, ಕೈ ಪಳಗಿದ್ದಕ್ಕೆ ಒಂದು ಸಾಲು. ಒಂದು ಮಾತು ಚಿತ್ರದ ಪರವಾಗಿಯೂ ಹೇಳಬೇಕು. ತೆಪ್ಪ ಕಟ್ಟುವಾಗ ಅವನು ತೊಗಟೆ ನಾರಿನಿಂದ ಹೊಸೆದ ಹಗ್ಗದ ಲೆಕ್ಕ ಇಡುತ್ತಾನೆ. ಸಾಲದಾದಾಗ ವಿಡಿಯೊ ಟೇಪನ್ನೂ ಹೊಸೆಯುತ್ತಾನೆ. ಇನ್ನೂ ಕಡಿಮೆ ಬಿದ್ದದ್ದು ಗುಡ್ಡದ ತುದಿಯಲ್ಲಿದೆ ಎಂದು ಅವನಿಗೆ ಗೊತ್ತು. ಹಿಂದೊಮ್ಮೆ ತನ್ನ ಕೊರಳಿಗೆಂದು ಕಟ್ಟಿ ಪರೀಕ್ಷಿಸಿದ ಹಗ್ಗ ಅದು. ಒಂದು ಹಗ್ಗದಲ್ಲಿ ಅಷ್ಟು ಕಥೆ ತುಂಬಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು 'ದಿ ರೆವೆನಂಟ್', 2015. ಅಲೆಹಾಂದ್ರೊ ಇನ್ಯಾರಿಟುವಿನ ನಿರ್ದೇಶನ, ಲಿಯೊನಾರ್ಡೊ ಡಿಕಾಪ್ರಿಯೊನ ಮುಖ. ಮುಖ ಎಂದದ್ದು ಕೊಂಕಿಗಲ್ಲ, ಆ ಚಿತ್ರ ಇರುವುದೇ ಮುಖಕ್ಕೆ ಒತ್ತಿ ಹಿಡಿದ ಕ್ಯಾಮರಾದಲ್ಲಿ. ಉಸಿರು ಗಾಜಿಗೆ ಬಡಿದು ಮಬ್ಬಾಗುತ್ತದೆ. ಮೂಲ ಕಥೆ ಹ್ಯೂ ಗ್ಲಾಸ್ ಎಂಬ ತುಪ್ಪಳ ಬೇಟೆಗಾರನದು. 1823ರಲ್ಲಿ, ಇಂದಿನ ದಕ್ಷಿಣ ಡಕೋಟಾದಲ್ಲಿ, ಗ್ರಿಜ್ಲಿ ಕರಡಿ ಅವನನ್ನು ಸೀಳಿತು. ಸಂಗಡಿಗರು ಹೇಗೂ ಸಾಯುತ್ತಾನೆಂದು ಬಗೆದು ಬಿಟ್ಟುಹೋದರು. ಅವನು ತೆವಳಿ, ಕುಂಟಿ 300 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ ಕೋಟೆ ಸೇರಿದ. ಕರಡಿ ಸೀಳಿದ್ದು ಬೇಸಗೆಯ ಕೊನೆಗೆ, ಆಗಸ್ಟಿನಲ್ಲಿ. ಚಿತ್ರದಲ್ಲಿ ಕೊರೆಯುವ ಹಿಮಗಾಲ. ಕೊಲೆಯಾದ ಮಗನೂ ಸಿನಿಮಾದ ಕೊಡುಗೆ, ಕೊನೆಯ ಸೇಡೂ. ನಿಜವಾದ ಗ್ಲಾಸ್ ಬಿಟ್ಟುಹೋದವರನ್ನು ಹುಡುಕಿ ಹಿಡಿದ, ಕೊಲ್ಲಲಿಲ್ಲ.

ಕಥೆ ಬದಲಿಸುವುದು ನಿರ್ದೇಶಕನ ಹಕ್ಕು. ನೀರಿನ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಚಿತ್ರದ ಗ್ಲಾಸ್ ಮಂಜುಗಡ್ಡೆ ತೇಲುವ ಹೊಳೆಗೆ ಬೀಳುತ್ತಾನೆ, ಕರಡಿ ತೊಗಲು ಹೊದ್ದುಕೊಂಡೇ ತೇಲುತ್ತಾನೆ, ದಡಕ್ಕೆ ಬಂದು ತೆವಳುತ್ತಾನೆ. ತಣ್ಣೀರು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ಹಿಮನಾಡಿನಲ್ಲಿ ಓಡಾಡುವವರ ಮೊದಲ ಪಾಠ ಧೈರ್ಯದ್ದಲ್ಲ, ಬಟ್ಟೆ ಒದ್ದೆ ಮಾಡಿಕೊಳ್ಳಬೇಡ ಎಂಬುದು. ಬೆವರುವಷ್ಟೂ ಓಡಬೇಡ ಎನ್ನುತ್ತಾರೆ ಅವರು. ಬೆವರೂ ನೀರೇ ತಾನೆ. ಸತ್ತ ಕುದುರೆಯ ಹೊಟ್ಟೆ ಬಗೆದು ಒಳಗೆ ಹೊಕ್ಕು ರಾತ್ರಿ ಕಳೆಯುವ ಪ್ರಸಿದ್ಧ ದೃಶ್ಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅವನನ್ನು ನಿಜವಾಗಿ ಉಳಿಸಿದ್ದು ಅದಕ್ಕೂ ಮೊದಲಿನ ಇನ್ನೊಂದು ದೃಶ್ಯ. ಹಿಕುಕ್ ಎಂಬ ಪಾನಿ ಬುಡಕಟ್ಟಿನ ಒಂಟಿ ಮನುಷ್ಯ ಬಿರುಗಾಳಿ ಏಳುವುದನ್ನು ಕಂಡು ಕೊಂಬೆ ಬಗ್ಗಿಸಿ, ಕಟ್ಟಿ, ಹೊದಿಸಿ, ಜ್ವರದಲ್ಲಿ ಬಿದ್ದ ಗ್ಲಾಸನ್ನು ಒಳಗೆ ಮಲಗಿಸುತ್ತಾನೆ. ಅಂಥ ಗಾಳಿಯಲ್ಲಿ ಗುಡಿಸಲು ಎಬ್ಬಿಸಿದ ಕೈ ಎಂಥದು! ನಾವು ಅದನ್ನು ನೋಡುವುದು ಚೂರುಚೂರಾಗಿ. ಕ್ಯಾಮರಾ ಗ್ಲಾಸನ ಕನಸಿನೊಳಗೆ ಹೋಗಿಬಿಡುತ್ತದೆ, ಅಲ್ಲಿ ಸತ್ತ ಹೆಂಡತಿ, ಪಾಳುಬಿದ್ದ ಇಗರ್ಜಿ. ಅವನು ಎಚ್ಚರಗೊಂಡು ಹೊರಬಂದಾಗ ಹಿಕುಕ್ ಮರದಲ್ಲಿ ನೇಣಿಗೆ ತೂಗುತ್ತಿರುತ್ತಾನೆ.

ಈ ಗುಡಿಸಲನ್ನು ನೆನಪಿಟ್ಟುಕೊಂಡು ಇನ್ನೊಂದು ಗುಡಿಸಲಿಗೆ ಬನ್ನಿ.

ಅಕಿರಾ ಕುರೊಸಾವಾನ 'ದೆರ್ಸು ಉಜಾಲಾ' 1975ರದು. 1970ರ ಚಿತ್ರ ಸೋತು, ಮರುವರ್ಷ ಜೀವ ಕಳೆದುಕೊಳ್ಳಲು ಹೋಗಿ ಬದುಕಿ ಉಳಿದಿದ್ದ ಕುರೊಸಾವಾನನ್ನು ಸೋವಿಯತ್ ಒಕ್ಕೂಟದ ಮಾಸ್‌ಫಿಲ್ಮ್ ಕರೆಯಿತು. ಅವನು ಬಹಳ ಹಿಂದೆಯೇ ಓದಿ ಮೆಚ್ಚಿದ್ದ ಪುಸ್ತಕವನ್ನು ಎತ್ತಿಕೊಂಡ: ರಷ್ಯಾದ ಸೈನ್ಯಾಧಿಕಾರಿ, ಭೂಮಾಪಕ ವ್ಲಾದಿಮಿರ್ ಅರ್ಸೆನ್ಯೆವ್ ಉಸ್ಸೂರಿ ಕಾಡಿನ ನಕ್ಷೆ ತಯಾರಿಸುವಾಗ ದಾರಿ ತೋರಿಸಿದ ನಾನೈ ಜನಾಂಗದ ಬೇಟೆಗಾರ ದೆರ್ಸುವಿನ ಕಥೆ. ದೆರ್ಸುವಾಗಿ ನಟಿಸಿದ ಮಾಕ್ಸಿಮ್ ಮುಂಜುಕ್ ತುವಾ ಪ್ರಾಂತದ ರಂಗಭೂಮಿಯವನು. ಚಿತ್ರಕ್ಕೆ ವಿದೇಶಿ ಭಾಷೆಯ ಆಸ್ಕರ್ ಬಂತು.

ಅರ್ಸೆನ್ಯೆವ್ ಮತ್ತು ದೆರ್ಸು ಇಬ್ಬರೇ ಹೆಪ್ಪುಗಟ್ಟಿದ ಖಂಕಾ ಸರೋವರದ ಮೇಲೆ ಹೋಗುತ್ತಾರೆ. ಗಾಳಿ ಏಳುತ್ತದೆ. ಹಿಂದಿರುಗಿ ನೋಡಿದರೆ ತಾವು ಬಂದ ಹೆಜ್ಜೆ ಗುರುತನ್ನೇ ಗಾಳಿ ಅಳಿಸಿದೆ. ಹೊತ್ತು ಇಳಿಯುತ್ತಿದೆ, ಸೌದೆ ಇಲ್ಲ, ಬೆಂಕಿಯ ಮಾತೇ ಇಲ್ಲ. ದೆರ್ಸು ಸರೋವರದ ಅಂಚಿನ ಒಣ ಜೊಂಡು ಹುಲ್ಲು ನೋಡುತ್ತಾನೆ, ಕ್ಯಾಪ್ಟನ್, ಬೇಗ ಹುಲ್ಲು ಕೊಯ್ಯಿ ಎನ್ನುತ್ತಾನೆ. ಯಾಕೆ ಎಂದು ಹೇಳುವಷ್ಟು ಪುರಸೊತ್ತಿಲ್ಲ. ಮುಂದೆ ಇರುವುದೆಲ್ಲ ಕೊಯ್ಲು. ಇಬ್ಬರು ಮನುಷ್ಯರು ಬಗ್ಗಿ ಹುಲ್ಲು ಕೊಯ್ಯುತ್ತಾರೆ, ಹೊರೆ ತಂದು ಹಾಕುತ್ತಾರೆ, ಮತ್ತೆ ಹೋಗುತ್ತಾರೆ. ಕುರೊಸಾವಾ ದೂರ ನಿಂತು ನೋಡುತ್ತಾನೆ. ಕೆಳಗಿಳಿಯುವ ಸೂರ್ಯ, ಬಾಗುವ ಜೊಂಡು, ಅದರ ನಡುವೆ ಎರಡು ಕಪ್ಪು ಆಕೃತಿ. ಮುಖ ಸರಿಯಾಗಿ ಕಾಣುವುದೂ ಇಲ್ಲ. ಕ್ಯಾಪ್ಟನ್ ದಣಿದು ಕುಸಿಯುತ್ತಾನೆ. ದೆರ್ಸು ನಿಲ್ಲಿಸುವುದಿಲ್ಲ. ಭೂಮಾಪನದ ಉಪಕರಣದ ಮುಕ್ಕಾಲಿ ಇದೆಯಲ್ಲ, ಅದನ್ನೇ ಹಂದರದ ಕಂಬ ಮಾಡುತ್ತಾನೆ, ಹುಲ್ಲು ಪೇರಿಸುತ್ತಾನೆ, ಗಾಳಿ ಕಿತ್ತುಕೊಂಡು ಹೋಗದ ಹಾಗೆ ಹಗ್ಗ ಬಿಗಿಯುತ್ತಾನೆ. ಸಾಮ್ರಾಜ್ಯದ ನಕ್ಷೆ ಬರೆಯಲು ತಂದ ಸಲಕರಣೆ ಆ ರಾತ್ರಿ ಗುಡಿಸಲಿನ ಗೂಟವಾಯಿತು. ಈ ಚೋದ್ಯವನ್ನು ಚಿತ್ರ ಎತ್ತಿ ತೋರಿಸುವುದಿಲ್ಲ, ಇರುವ ಹಾಗೆ ಬಿಡುತ್ತದೆ.

ಇದು ಯಾಕೆ ಕೆಲಸ ಮಾಡುತ್ತದೆ ಎಂಬುದು ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾಗಿ ಚಳಿಯ ಬೆಳಗಿನಲ್ಲಿ ಬಣವೆಯೊಳಗೆ ಕೈ ತೂರಿಸಿ ನೋಡಿದವರಿಗೆ, ಅದರ ಬುಡದಲ್ಲಿ ನಾಯಿ ಮರಿ ಹಾಕಿದ್ದನ್ನು ಕಂಡವರಿಗೆ ಗೊತ್ತು. ಒಣಹುಲ್ಲಿನ ಎಳೆಎಳೆಯ ನಡುವೆ ಗಾಳಿ ಸಿಕ್ಕಿಕೊಂಡು ನಿಲ್ಲುತ್ತದೆ; ನಿಂತ ಗಾಳಿ ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ಚಳಿ ಕೊಲ್ಲುವುದು ಹೆಚ್ಚಾಗಿ ಗಾಳಿಯಿಂದ ಮತ್ತು ನೆಲದಿಂದ. ಹುಲ್ಲು ಎರಡಕ್ಕೂ ಅಡ್ಡ ನಿಲ್ಲುತ್ತದೆ. ಬೆಂಕಿ ಇಲ್ಲದೆಯೂ ರಾತ್ರಿ ಕಳೆಯಬಹುದು ಎಂದು ತೋರಿಸಿದ ಚಿತ್ರ ಇದು, ಅದಕ್ಕೇ ನನಗೆ ಇದರ ಮೇಲೆ ವಿಶೇಷ ಮಮತೆ. ಬೆಳಿಗ್ಗೆ ಕ್ಯಾಪ್ಟನ್ ಕೃತಜ್ಞತೆ ಹೇಳಹೊರಟಾಗ ದೆರ್ಸು ಅದನ್ನು ಸರಿಯಾಗಿ ಕೇಳಿಸಿಕೊಳ್ಳುವುದೂ ಇಲ್ಲ. ಇಬ್ಬರೂ ಕೂಡಿ ಮಾಡಿದ ಕೆಲಸವಲ್ಲವೇ ಎಂಬ ಧಾಟಿ ಅವನದು.

[ಈ ಹಂತದಲ್ಲಿ ಖಂಕಾ ಸರೋವರದ ಭಾಗವನ್ನು ಪರದೆಯ ಮೇಲೆ ತೋರಿಸಲಾಯಿತು.]

ಇದೇ ಚಿತ್ರದ ಮೊದಲ ಭಾಗದಲ್ಲಿ ಇನ್ನೂ ಸಣ್ಣ ಪ್ರಸಂಗ ಇದೆ. ತಂಡ ಒಂದು ಪಾಳು ಗುಡಿಸಲಿನಲ್ಲಿ ತಂಗಿ ಹೊರಡುವಾಗ ದೆರ್ಸು ಅದರ ಸೂರು ರಿಪೇರಿ ಮಾಡುತ್ತಾನೆ. ಆಮೇಲೆ ಸ್ವಲ್ಪ ಅಕ್ಕಿ, ಉಪ್ಪು, ಬೆಂಕಿಕಡ್ಡಿ ಕೇಳಿ ಪಡೆದು ಒಳಗಿಡುತ್ತಾನೆ. ಮತ್ತೆ ಇಲ್ಲಿಗೆ ಬರುತ್ತೀಯಾ ಎಂದರೆ ಇಲ್ಲ. ಬೇರೆ ಯಾರೋ ಬರುತ್ತಾರೆ, ಒಣಸೌದೆ ಇರುತ್ತದೆ, ತಿನ್ನಲು ಇರುತ್ತದೆ, ಸಾಯುವುದಿಲ್ಲ. ಇಂಗ್ಲಿಷ್ ಚಿತ್ರಗಳಲ್ಲಿ ಬದುಕುಳಿಯುವುದು ಒಬ್ಬನ ಗೆಲುವು, ಪ್ರಕೃತಿಯ ವಿರುದ್ಧ ಹೂಡಿದ ಕುಸ್ತಿ. ಇಲ್ಲಿ ಅದು ಕಾಣದ ಇನ್ನೊಬ್ಬನಿಗೆ ಬಿಟ್ಟುಹೋಗುವ ಬುತ್ತಿ. ಈ ವಿದ್ಯೆ ಬೆಳೆದದ್ದೇ ಹೀಗೆ ಎಂದು ನನಗನ್ನಿಸುತ್ತದೆ; ಒಂಟಿ ಮನುಷ್ಯ ಕಾಡಿನಲ್ಲಿ ಎಲ್ಲವನ್ನೂ ತಾನೇ ಕಂಡುಹಿಡಿದುಕೊಂಡ ಉದಾಹರಣೆ ಸಿನಿಮಾದ ಹೊರಗೆ ಸಿಗುವುದು ಕಷ್ಟ.

ಒಂದು ವಿಚಿತ್ರ ಗಮನಿಸಿ. ವಿದ್ಯೆ ಬಲ್ಲವನು ಈ ಚಿತ್ರಗಳಲ್ಲಿ ಬದುಕುವುದಿಲ್ಲ. ಹಿಕುಕ್ ನೇಣಿಗೆ ಹೋದ. ದೆರ್ಸುವಿನ ಕಣ್ಣು ಮಂಜಾಗಿ ಅವನು ಖಬಾರೊವ್ಸ್ಕ್ ನಗರಕ್ಕೆ ಬರುತ್ತಾನೆ, ನೀರಿಗೆ ದುಡ್ಡು ಕೊಡುವುದನ್ನು ಕಂಡು ಕಂಗಾಲಾಗುತ್ತಾನೆ, ಪಾರ್ಕಿನ ಮರ ಕಡಿದು ಪೊಲೀಸರ ಕೈಗೆ ಸಿಗುತ್ತಾನೆ. ಕಾಡಿಗೆ ಮರಳುವಾಗ ಕ್ಯಾಪ್ಟನ್ ಪ್ರೀತಿಯಿಂದ ಕೊಟ್ಟ ಹೊಸ ಬಂದೂಕಿಗಾಗಿ ಯಾರೋ ಅವನನ್ನು ಕೊಲ್ಲುತ್ತಾರೆ. 1971ರ 'ವಾಕಬೌಟ್' ಚಿತ್ರದಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ದಿಕ್ಕುಗೆಟ್ಟ ಬಿಳಿಯ ಅಕ್ಕ ತಮ್ಮನಿಗೆ ಆದಿವಾಸಿ ಹುಡುಗನೊಬ್ಬ, ಆ ಪಾತ್ರದಲ್ಲಿ ಡೇವಿಡ್ ಗುಲ್ಪಿಲಿಲ್, ಒಣಗಿದ ನೆಲಕ್ಕೆ ಟೊಳ್ಳು ಕಡ್ಡಿ ಊರಿ ನೀರು ಹೀರುವುದನ್ನು ತೋರಿಸುತ್ತಾನೆ. ಕೊನೆಗೆ ಅವನೂ ಸಾಯುತ್ತಾನೆ, ಅವರು ಊರು ಸೇರುತ್ತಾರೆ. ನಿಜಜೀವನದ ದೆರ್ಸು 1908ರಲ್ಲಿ ಕೊಲೆಯಾದದ್ದು ಹೌದು, ಅದನ್ನು ಕುರೊಸಾವಾ ಕಟ್ಟಲಿಲ್ಲ. ಆದರೂ ಸಿನಿಮಾ ಇಂಥ ಕಥೆಗಳನ್ನೇ ಹೆಕ್ಕಿಕೊಳ್ಳುವುದರಲ್ಲಿ ಒಂದು ಆಯ್ಕೆ ಇದೆ. ಬಲ್ಲವನು ಸಾಯುತ್ತಾನೆ, ಕಲಿತವನು ಉಳಿದು ಕಥೆ ಹೇಳುತ್ತಾನೆ, ನಾವು ಕಲಿತವನ ಪಕ್ಕ ಕೂತು ಅಳುತ್ತೇವೆ.

ಇದಕ್ಕೆ ಎದುರಾಗಿ ನನಗೆ ತೇಜಸ್ವಿಯವರ ಕಾದಂಬರಿ 'ಕರ್ವಾಲೊ' ನೆನಪಾಗುತ್ತದೆ. ಅಲ್ಲಿಯೂ ಒಬ್ಬ ವಿಜ್ಞಾನಿ, ಅವನಿಗೆ ಕಾಡು ತೋರಿಸುವ ಒಬ್ಬ ಹಳ್ಳಿಯವ, ಇಬ್ಬರನ್ನೂ ನೋಡುವ ಒಬ್ಬ ನಿರೂಪಕ. ಆ ಹಳ್ಳಿಯವ ಮಂದಣ್ಣನನ್ನು ತೇಜಸ್ವಿ ಋಷಿಯಾಗಿಸಲೂ ಇಲ್ಲ, ಸಾಯಿಸಲೂ ಇಲ್ಲ. ಅವನಿಗೆ ಮದುವೆಯ ಚಿಂತೆ, ನೌಕರಿಯ ಚಿಂತೆ, ಜೊತೆಗೆ ಜೇನಿನ ಬಗ್ಗೆ ಯಾರಿಗೂ ಇಲ್ಲದ ಕಣ್ಣು. ಅಂಥ ಮನುಷ್ಯ ಪರದೆಯ ಮೇಲೆ ಇನ್ನೂ ಅಪರೂಪ.

2020ರ ಜನವರಿಯಲ್ಲಿ, ಕಾಡಿನಲ್ಲಿ ಬದುಕುಳಿಯುವ ಸಾಹಸ ತೋರಿಸುವ ಬೇರ್ ಗ್ರಿಲ್ಸ್‌ನ ಟಿವಿ ತಂಡ ನಮ್ಮ ಬಂಡೀಪುರಕ್ಕೇ ಬಂದು ರಜನೀಕಾಂತ್ ಅವರ ಜೊತೆ ಚಿತ್ರೀಕರಣ ಮಾಡಿತು. ರಜನಿಯವರು ಕಷ್ಟಪಟ್ಟದ್ದನ್ನು ಎಲ್ಲರೂ ಸಂತೋಷದಿಂದ ನೋಡಿದೆವು, ನಾನೂ ನೋಡಿದೆ. ನನಗೆ ನೋಡುವ ಆಸೆ ಇದ್ದದ್ದು ಬೇರೆ. ಅದೇ ಕಾಡಿನ ಸುತ್ತ ಜೇನುಕುರುಬರಿದ್ದಾರೆ, ಸೋಲಿಗರಿದ್ದಾರೆ. ಇಲಾಖೆಯ ವಾಚರ್ ಕೆಲಸದಲ್ಲಿ ಅಂಥವರು ಎಷ್ಟೋ ಜನ. ಲದ್ದಿಯ ಬಿಸಿ ನೋಡಿ ಆನೆ ಎಷ್ಟು ಹೊತ್ತಿನ ಹಿಂದೆ ದಾಟಿತು ಎನ್ನುವವನ, ಕಡವೆ ಕೂಗಿದ ಕೂಡಲೇ ಮಾತು ನಿಲ್ಲಿಸಿ ದಾರಿ ಬದಲಿಸುವವನ ಹಿಂದೆ ಕ್ಯಾಮರಾ ಒಂದು ದಿನ ನಡೆದರೆ ಸಾಕು. ಗ್ರಿಲ್ಸ್‌ನ ಹಾಗೆ ಹುಳ ತಿನ್ನಬೇಕಾಗಿಲ್ಲ.

ಇನ್ನೊಂದು ಚಿತ್ರದ ಮಾತು ಹೇಳಿ ಮುಗಿಸುತ್ತೇನೆ. ಷಾನ್ ಪೆನ್ 2007ರಲ್ಲಿ ಮಾಡಿದ 'ಇಂಟು ದಿ ವೈಲ್ಡ್', 1992ರಲ್ಲಿ ಅಲಾಸ್ಕಾದ ಹಳೆಯ ಬಸ್ಸೊಂದರಲ್ಲಿ ಹಸಿವಿನಿಂದ ಸತ್ತ ಕ್ರಿಸ್ ಮೆಕ್‌ಕ್ಯಾಂಡ್ಲೆಸ್‌ನ ಕಥೆ. ಅದರಲ್ಲಿ ಅವನು ದೊಡ್ಡ ಮೂಸ್ ಜಿಂಕೆಯನ್ನು ಹೊಡೆಯುತ್ತಾನೆ. ಮಾಂಸವನ್ನು ಹೊಗೆಗಿಟ್ಟು ಉಳಿಸುವುದು ಹೇಗೆಂದು ದಕ್ಷಿಣ ಡಕೋಟಾದ ಗೆಳೆಯನೊಬ್ಬ ಹೇಳಿಕೊಟ್ಟದ್ದನ್ನು ಬರೆದುಕೊಂಡಿರುತ್ತಾನೆ. ಆ ಚೀಟಿ ನೋಡುತ್ತ, ರಕ್ತದಲ್ಲಿ ತೋಳು ಮುಳುಗಿಸಿ, ನೊಣ ಓಡಿಸುತ್ತ ಒದ್ದಾಡುತ್ತಾನೆ. ಹುಳ ಬೀಳುತ್ತದೆ. ಅಲಾಸ್ಕಾದ ಬೇಟೆಗಾರರು ಮಾಂಸವನ್ನು ತೆಳ್ಳಗೆ ಪಟ್ಟಿಪಟ್ಟಿಯಾಗಿ ಕೊಯ್ದು ಗಾಳಿಗೆ ಒಣಹಾಕುತ್ತಾರೆ. ಒಂದು ನೆಲದ ವಿದ್ಯೆ ಚೀಟಿಯಲ್ಲಿ ಬರೆದುಕೊಂಡು ಹೋದರೆ ಇನ್ನೊಂದು ನೆಲದಲ್ಲಿ ಕೈಕೊಡುತ್ತದೆ ಎಂಬುದನ್ನು ಪೆನ್ ಯಾವ ಮಾತೂ ಆಡಿಸದೆ ತೋರಿಸಿದ್ದಾನೆ. ಚಿತ್ರದ ಉಳಿದ ಭಾಗದ ಸೊಗಸಾದ ಬೆಟ್ಟ, ಹಾಡುಗಳ ನಡುವೆ ಬಹಳ ಜನರಿಗೆ ಅದು ಕಾಣಲಿಲ್ಲ. ಆ ಬಸ್ಸು ಹುಡುಕಿಕೊಂಡು ಯುವಕರು ಹೊರಟರು. ದಾರಿಯ ಟೆಕ್ಲಾನಿಕಾ ನದಿಯಲ್ಲಿ 2010ರಲ್ಲೂ 2019ರಲ್ಲೂ ಜೀವ ಹೋಯಿತು. 2020ರ ಜೂನಿನಲ್ಲಿ ಸರ್ಕಾರ ಬಸ್ಸನ್ನೇ ಹೆಲಿಕಾಪ್ಟರಿಗೆ ಕಟ್ಟಿ ಎತ್ತಿ ಸಾಗಿಸಿತು.

ಈಗ ಹೊರಗೆ ಚಹಾ ಇದೆ. ಆಮೇಲೆ ಇದೇ ಸಭಾಂಗಣದಲ್ಲಿ 'ದೆರ್ಸು ಉಜಾಲಾ'ವನ್ನು ಪೂರ್ತಿ ತೋರಿಸುತ್ತಾರೆ, ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷ. ಮೊದಲರ್ಧ ಗಂಟೆ ಏನೂ ನಡೆಯುತ್ತಿಲ್ಲ ಅನ್ನಿಸಬಹುದು. ಎದ್ದು ಹೋಗಬೇಡಿ, ಖಂಕಾ ಬರುವುದು ಅದಾದ ಮೇಲೆ. ಪ್ರಶ್ನೆಗಳಿದ್ದರೆ ಚಿತ್ರ ಮುಗಿದ ಬಳಿಕ ಕೇಳಿ, ಆಗ ನಾನೂ ಇನ್ನೊಮ್ಮೆ ನೋಡಿರುತ್ತೇನೆ.